ರಾತ್ರಿಯಿಲ್ಲದ ಬೇಸಿಗೆಯಲ್ಲಿ ಕೋಸು ಬೆಳೆದವರು

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ನೀವೂ ನೋಡಿರಬಹುದು. ಸುತ್ತಲೂ ಕತ್ತಲು, ನಡುವೆ ಒಂದು ಹೊಲದಲ್ಲಿ ಮಾತ್ರ ಸಾಲುಸಾಲಾಗಿ ಬಲ್ಬು ಉರಿಯುತ್ತಿರುತ್ತವೆ. ಹೊಸಬರು ಯಾರದೋ ಮದುವೆ ಅಂದುಕೊಳ್ಳುತ್ತಾರೆ. ಅದು ಸೇವಂತಿಗೆ ತೋಟ. ರಾತ್ರಿ ಉದ್ದವಾಯಿತು ಅಂತ ಗೊತ್ತಾದ ಕೂಡಲೇ ಸೇವಂತಿಗೆ ಮೊಗ್ಗು ಕಟ್ಟಲು ಶುರು ಮಾಡುತ್ತದೆ. ಗಿಡ ಇನ್ನೂ ಗಿಡ್ಡ ಇರುವಾಗಲೇ ಮೊಗ್ಗು ಬಂದರೆ ಕಡ್ಡಿ ಉದ್ದ ಬರುವುದಿಲ್ಲ, ಹಬ್ಬದ ಹೊತ್ತಿಗೆ ಹೂ ಸಿಗುವುದಿಲ್ಲ. ಅದಕ್ಕೇ ರೈತರು ರಾತ್ರಿ ಕೆಲವು ಗಂಟೆ ಬಲ್ಬು ಹಾಕಿ, ಇನ್ನೂ ಹಗಲು ಮುಗಿದಿಲ್ಲ ಅಂತ ಗಿಡವನ್ನು ನಂಬಿಸುತ್ತಾರೆ.

ಈ ಬಲ್ಬಿನ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ನಾವು ಓದಲು ಕೂತೆವು. ಓದುತ್ತಾ ಓದುತ್ತಾ ಭೂಮಿಯ ಉತ್ತರ ತುದಿಗೆ ಹೋಗಿ ಮುಟ್ಟಿದೆವು. ಅಲ್ಲಿ ಬೇಸಿಗೆಯಲ್ಲಿ ಬಲ್ಬೇ ಬೇಡ. ಸೂರ್ಯನೇ ಮುಳುಗಲು ಒಲ್ಲೆ ಅನ್ನುತ್ತಾನೆ. ಆ ಬೆಳಕಿನಲ್ಲಿ ಅಲ್ಲಿಯವರು ಒಬ್ಬ ಆಳಿನಷ್ಟು ತೂಕದ ಎಲೆಕೋಸು ಬೆಳೆದಿದ್ದಾರೆ. ಆದರೆ ಅದೇ ಕಣಿವೆಯಲ್ಲಿ ಸರ್ಕಾರ ಜಮೀನು ಕೊಟ್ಟು ಕೂರಿಸಿದ ರೈತರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದೇ ವರ್ಷದಲ್ಲಿ ಜಾಗ ಖಾಲಿ ಮಾಡಿದರು. ಇಷ್ಟು ಚೆನ್ನಾಗಿ ಬೆಳೆಯುವ ಭೂಮಿಯಲ್ಲಿ ಬೆಳೆಗಾರ ಯಾಕೆ ನಿಲ್ಲಲಿಲ್ಲ? ನಾವು ಹೇಳಹೊರಟಿರುವುದು ಅದನ್ನೇ.

ಐಸ್ ಪೆಟ್ಟಿಗೆ ಅಂದವರು

ಜಾಗದ ಹೆಸರು ಅಲಾಸ್ಕ. ಉತ್ತರ ಅಮೆರಿಕ ಖಂಡದ ವಾಯವ್ಯ ಮೂಲೆ. 1867ರಲ್ಲಿ ಅಮೆರಿಕ ದೇಶ ಇದನ್ನು ರಷ್ಯಾದಿಂದ 72 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡಿತು. ವ್ಯವಹಾರ ಕುದುರಿಸಿದ ಮಂತ್ರಿಯ ಹೆಸರು ಸೀವರ್ಡ್. ಜನ ಗೇಲಿ ಮಾಡಿದರು, ಇದು ಸೀವರ್ಡ್‌ನ ಐಸ್ ಪೆಟ್ಟಿಗೆ ಅಂದರು. ಅಲ್ಲಿ ಹುಲ್ಲು ಕೂಡ ಬೆಳೆಯುವುದಿಲ್ಲ ಅನ್ನುವುದು ದೂರದಲ್ಲಿ ಕೂತವರ ಲೆಕ್ಕ.

ಹತ್ತಿರದಲ್ಲಿದ್ದವರ ಲೆಕ್ಕ ಬೇರೆ ಇತ್ತು. ಅಲಾಸ್ಕದ ಆಗ್ನೇಯ ಕರಾವಳಿಯ ಟ್ಲಿಂಗಿಟ್ ಮತ್ತು ಹೈಡಾ ಅನ್ನುವ ಮೂಲನಿವಾಸಿಗಳು ಅದಕ್ಕೂ ಎಷ್ಟೋ ಮೊದಲೇ ಆಲೂಗಡ್ಡೆ ಬೆಳೆಯುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಹೈಡಾ ಜನ ತಾವು ಬೆಳೆದ ಆಲೂಗಡ್ಡೆಯನ್ನು ದೋಣಿಯಲ್ಲಿ ತಂದು ಬಿಳಿ ವ್ಯಾಪಾರಿಗಳ ಕೋಟೆಗಳಿಗೆ ಮಾರುತ್ತಿದ್ದರು. ಆ ಆಲೂಗಡ್ಡೆಯ ತಳಿಯನ್ನು ಇತ್ತೀಚೆಗೆ ವಿಜ್ಞಾನಿಗಳು ಪರೀಕ್ಷೆ ಮಾಡಿದಾಗ, ಅದರ ನಂಟು ಯುರೋಪಿನ ಆಲೂಗಡ್ಡೆಗಿಂತ ಮೆಕ್ಸಿಕೊ ಮತ್ತು ಚಿಲಿ ದೇಶಗಳ ತಳಿಗೆ ಹತ್ತಿರ ಅಂತ ಗೊತ್ತಾಯಿತು. ಸಮುದ್ರದ ವ್ಯಾಪಾರದ ದಾರಿಯಲ್ಲಿ ಬಂದ ಗಡ್ಡೆಯನ್ನು ಈ ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದರು. ಆ ತಳಿ ಇವತ್ತಿಗೂ ಉಳಿದಿದೆ.

1890ರ ದಶಕದ ಕೊನೆಗೆ ಉತ್ತರದ ಈ ಸೀಮೆಗೆ ಚಿನ್ನದ ಹುಚ್ಚು ಹತ್ತಿತು. ಸಾವಿರಾರು ಜನ ಗುದ್ದಲಿ ಹೊತ್ತು ನುಗ್ಗಿದರು. ಡಬ್ಬಿಯ ಆಹಾರ, ಒಣ ಮಾಂಸ ತಿಂದು ತಿಂದು ಸ್ಕರ್ವಿ ಬಂತು. ಹಸಿ ತರಕಾರಿ, ಹಣ್ಣು ಇಲ್ಲದೆ ಒಸಡಿನಲ್ಲಿ ರಕ್ತ ಬಂದು ಹಲ್ಲು ಉದುರುವ ರೋಗ ಅದು. ಆಗ ಸೊಪ್ಪು, ಮೂಲಂಗಿ, ಆಲೂಗಡ್ಡೆಗೆ ಇನ್ನಿಲ್ಲದ ಬೆಲೆ ಬಂತು. ಮರದ ದಿಮ್ಮಿಯ ಗುಡಿಸಲ ಮೇಲೆ ಚಳಿ ತಡೆಯಲು ಮಣ್ಣು ಹಾಸಿರುತ್ತಿದ್ದರು. ಒಳಗಿನ ಒಲೆಯ ಬಿಸಿಗೆ ಆ ಮಣ್ಣು ಬೆಚ್ಚಗಿರುತ್ತಿತ್ತು. ಕೆಲವರು ಅದರ ಮೇಲೇ ಬೀಜ ಚೆಲ್ಲಿ ತರಕಾರಿ ಬೆಳೆದುಕೊಂಡರು.

ಬೀಜ ಹಂಚಿದ ಮೇಷ್ಟ್ರು

1898ರಲ್ಲಿ ಅಮೆರಿಕದ ಕೃಷಿ ಇಲಾಖೆ ಒಬ್ಬರನ್ನು ಅಲ್ಲಿಗೆ ಕಳಿಸಿತು. ಹೆಸರು ಚಾರ್ಲ್ಸ್ ಕ್ರಿಶ್ಚಿಯನ್ ಜಾರ್ಜ್‌ಸನ್. ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. ಜಪಾನಿನ ಟೋಕಿಯೊದ ಕೃಷಿ ಕಾಲೇಜಿನಲ್ಲಿ, ಆಮೇಲೆ ಅಮೆರಿಕದ ಕಾನ್ಸಾಸ್‌ನಲ್ಲಿ ಪಾಠ ಮಾಡಿದವರು. ವಯಸ್ಸು ನಲವತ್ತೈದು ದಾಟಿತ್ತು. ಇಲ್ಲಿ ಏನಾದರೂ ಬೆಳೆಯುತ್ತದೋ ಇಲ್ಲವೋ ನೋಡಿ ಹೇಳುವುದು ಅವರ ಕೆಲಸ.

ಅವರು ಸಿಟ್ಕಾ ಅನ್ನುವ ಕರಾವಳಿ ಊರಿನಲ್ಲಿ ಮೊದಲ ಪ್ರಯೋಗ ತೋಟ ಹಾಕಿದರು. ಸದಾ ಮಳೆ, ಜೌಗು ನೆಲ, ಅಡಿಗಡಿಗೂ ಮರದ ಬುಡ. ಬುಡ ಕೀಳಿಸಿ, ನೀರು ಬಸಿದು ಹೋಗಲು ಕಾಲುವೆ ತೋಡಿಸಿ ಪಾತಿ ಮಾಡಿಸಿದರು. ಆಮೇಲೆ ಕೆನೈ, ಕೋಡಿಯಾಕ್, ರಾಂಪಾರ್ಟ್, ಕಾಪರ್ ಸೆಂಟರ್, ಫೇರ್‌ಬ್ಯಾಂಕ್ಸ್ ಹೀಗೆ ಒಂದೊಂದು ಹವೆಯ ಜಾಗದಲ್ಲಿ ಒಂದೊಂದು ತೋಟ ಎದ್ದಿತು. ಕೊನೆಯದು 1917ರಲ್ಲಿ ಮಟನುಸ್ಕ ಕಣಿವೆಯದು. ಈ ಕಣಿವೆಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಜಾರ್ಜ್‌ಸನ್ ಮಾಡಿದ ಒಂದು ಕೆಲಸ ನಮಗೆ ಬಹಳ ಹಿಡಿಸಿತು. ತೋಟದೊಳಗೇ ಕೂರದೆ, ದೂರದೂರದಲ್ಲಿ ನೆಲೆಸಿದವರಿಗೆ ಬೀಜ ಕಳಿಸಿದರು. ಯಾವುದು ಬಂತು, ಯಾವುದು ಬರಲಿಲ್ಲ ಅಂತ ಅವರು ಬರೆದ ಪತ್ರಗಳನ್ನು ತಮ್ಮ ವಾರ್ಷಿಕ ವರದಿಯಲ್ಲೇ ಅಚ್ಚು ಹಾಕಿಸಿದರು. ಅಂದರೆ ಬೆಳೆದವರ ಮಾತೂ ಸರ್ಕಾರಿ ದಾಖಲೆಯಾಯಿತು.

ಅವರಿಗೆ ಹೆಸರು ತಂದದ್ದು ಸ್ಟ್ರಾಬೆರಿ. ಹೊರಗಿನಿಂದ ತಂದ ಸ್ಟ್ರಾಬೆರಿ ಗಿಡಗಳು ಚಳಿಗೆ ಸಾಯುತ್ತಿದ್ದವು. ಅಲಾಸ್ಕದ ಸಮುದ್ರ ದಂಡೆಯಲ್ಲಿ ತಾನಾಗಿ ಹಬ್ಬುವ ಕಾಡು ಸ್ಟ್ರಾಬೆರಿ ಮಾತ್ರ ಜಪ್ಪಯ್ಯ ಅಂದರೂ ಸಾಯುತ್ತಿರಲಿಲ್ಲ, ಆದರೆ ಹಣ್ಣು ಚಿಕ್ಕದು. ಅವರು ಎರಡನ್ನೂ ಸೇರಿಸಿ ಸಾವಿರಾರು ಸಸಿ ಎಬ್ಬಿಸಿ, ಚಳಿ ತಡೆದು ಒಳ್ಳೆ ಹಣ್ಣು ಬಿಡುವುದನ್ನು ಆರಿಸಿದರು. ಊರಿನ ಕಾಡುಗಿಡವನ್ನು ಕಳೆ ಅಂತ ಕಿತ್ತು ಬಿಸಾಡಿದ್ದರೆ ಆ ಹಣ್ಣು ಹುಟ್ಟುತ್ತಿರಲಿಲ್ಲ. 1931ರಲ್ಲಿ ಅವರು ತೀರಿಕೊಂಡರು. ಫೇರ್‌ಬ್ಯಾಂಕ್ಸ್‌ನ ಅಲಾಸ್ಕ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಈಗ ಅವರ ಹೆಸರೇ ಇದೆ.

ಗಿಡದೊಳಗಿನ ಗಡಿಯಾರ

ಇಷ್ಟು ಚಳಿಯ ಸೀಮೆಯಲ್ಲಿ ತರಕಾರಿ ಹೇಗೆ ಬರುತ್ತದೆ? ಉತ್ತರ ಬೆಳಕಿನಲ್ಲಿದೆ.

ನಮ್ಮ ಬೆಂಗಳೂರಿನ ಕಡೆ ಜೂನ್ ತಿಂಗಳ ಅತಿ ಉದ್ದದ ಹಗಲು ಅಂದರೆ ಸುಮಾರು 13 ಗಂಟೆ. ಡಿಸೆಂಬರಿನಲ್ಲಿ ಹನ್ನೊಂದು ಚಿಲ್ಲರೆ ಗಂಟೆ. ವರ್ಷವಿಡೀ ಹೆಚ್ಚುಕಡಿಮೆ ಒಂದೂವರೆ ಗಂಟೆಯ ವ್ಯತ್ಯಾಸ. ಮಟನುಸ್ಕ ಕಣಿವೆಯಲ್ಲಿ ಜೂನ್ ಹಗಲು 19 ಗಂಟೆ ದಾಟುತ್ತದೆ. ಇನ್ನೂ ಉತ್ತರದ ಫೇರ್‌ಬ್ಯಾಂಕ್ಸ್‌ನಲ್ಲಿ ಸುಮಾರು 22 ಗಂಟೆ. ಉಳಿದ ಹೊತ್ತೂ ಪೂರ್ತಿ ಕತ್ತಲಲ್ಲ, ನಸುಕಿನ ಬೆಳಕು. ಡಿಸೆಂಬರಿನಲ್ಲಿ ಇದಕ್ಕೆ ತಲೆಕೆಳಗು, ಫೇರ್‌ಬ್ಯಾಂಕ್ಸ್‌ನಲ್ಲಿ ಸೂರ್ಯ ನಾಲ್ಕು ಗಂಟೆಯೂ ಇರುವುದಿಲ್ಲ.

ಎಲೆಕೋಸು, ಹೂಕೋಸು, ಬ್ರೊಕೋಲಿ, ಕ್ಯಾರೆಟ್, ಟರ್ನಿಪ್, ಆಲೂಗಡ್ಡೆ, ಬಟಾಣಿ ಇವೆಲ್ಲ ತಂಪು ಬಯಸುವ ಬೆಳೆಗಳು. ಹಗಲೆಲ್ಲ ಬೆಳಕು, ಆದರೆ ಸುಡುವ ಬಿಸಿಲಲ್ಲ. ಎಲೆ ತನ್ನ ಅಡುಗೆಯನ್ನು ಹತ್ತೊಂಬತ್ತು ಗಂಟೆ ಮಾಡುತ್ತಲೇ ಇರುತ್ತದೆ. ಕೋಸು ಊದದೆ ಇನ್ನೇನು ಮಾಡೀತು? ಕ್ಯಾರೆಟ್ ಅಂತೂ ಚಳಿಗೆ ಸಕ್ಕರೆ ಕೂಡಿಸಿಕೊಂಡು ಹೆಚ್ಚು ಸಿಹಿಯಾಗುತ್ತದೆ.

ಆದರೆ ಎಲ್ಲ ಗಿಡಕ್ಕೂ ಉದ್ದ ಹಗಲು ಒಗ್ಗುವುದಿಲ್ಲ. ಪಾಲಕ್ ಹಾಕಿದರೆ ಎಲೆ ಅಗಲವಾಗುವ ಮೊದಲೇ ದಂಟು ಎದ್ದು ಹೂವಿಗೆ ಹೋಗುತ್ತದೆ. ಇದರ ಗುಟ್ಟನ್ನು 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಅನ್ನುವ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದರು. ಅವರು ಪ್ರಯೋಗ ಮಾಡಿದ್ದು ಅಲಾಸ್ಕದಲ್ಲಲ್ಲ, ರಾಜಧಾನಿ ವಾಷಿಂಗ್ಟನ್ ಪಕ್ಕದ ಒಂದು ತೋಟದಲ್ಲಿ. ಆಳೆತ್ತರ ಬೆಳೆದರೂ ಹೂ ಬಿಡದ ಒಂದು ತಂಬಾಕು ತಳಿ ಇತ್ತು. ಬೇಸಿಗೆಯಲ್ಲಿ ದಿನಾ ಸಂಜೆಗೆ ಮುಂಚೆಯೇ ಅದನ್ನು ಕತ್ತಲ ಗೂಡಿನೊಳಗೆ ಸೇರಿಸಿದರು. ಹೂ ಬಿಟ್ಟಿತು. ಹಗಲು ರಾತ್ರಿಯ ಉದ್ದವನ್ನು ಗಿಡ ಅಳೆಯುತ್ತದೆ ಅನ್ನುವುದು ಹೀಗೆ ಸಾಬೀತಾಯಿತು. ಚಿಕ್ಕಬಳ್ಳಾಪುರದ ಬಲ್ಬಿನ ಹಿಂದೆ ಇರುವುದೂ ಇದೇ ಲೆಕ್ಕ.

ನಮ್ಮ ಸೇವಂತಿಗೆಯನ್ನು ಅಲಾಸ್ಕದ ಬಯಲಲ್ಲಿ ನೆಟ್ಟರೆ ಬೇಸಿಗೆಯೆಲ್ಲ ಬರೀ ಸೊಪ್ಪು ಬೆಳೆಸುತ್ತದೆ. ರಾತ್ರಿ ಉದ್ದವಾಗಿ ಮೊಗ್ಗು ಕಟ್ಟುವ ಹೊತ್ತಿಗೆ ಹಿಮ ಬಿದ್ದು ಸುಟ್ಟುಹೋಗುತ್ತದೆ. ನಮ್ಮ ಈರುಳ್ಳಿ ಬೀಜ ಅಲ್ಲಿ ಹಾಕಿದರೆ ಗಿಡ ಬಲಿಯುವ ಮೊದಲೇ ಗೋಲಿ ಗಾತ್ರದ ಗಡ್ಡೆ ಕಟ್ಟಿ ಮುಗಿಸುತ್ತದೆ. ಅಲ್ಲಿಯ ಬೀಜ ಇಲ್ಲಿ ಹಾಕಿದರೆ ಬರೀ ಗರಿ, ಗಡ್ಡೆಯಿಲ್ಲ. ಪೊಟ್ಟಣದ ಮೇಲಿನ ಚಿತ್ರ ನೋಡಿ ಬೀಜ ಕೊಳ್ಳಬೇಡಿ ಅಂತ ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ನೂರು ದಿನದ ತೋಟ

ಬೆಳಕು ಧಾರಾಳ, ದಿನಗಳು ಮಾತ್ರ ಕಡಿಮೆ. ಮಟನುಸ್ಕದಲ್ಲಿ ಹಿಮದ ಕಾಟವಿಲ್ಲದ ಕಾಲ ನೂರು ದಿನದ ಆಚೆ ಈಚೆ. ಹಾಗಾಗಿ ಅಲ್ಲಿಯ ತೋಟಗಾರರು ಹೊರಗೆ ಇನ್ನೂ ಹಿಮ ಇರುವಾಗಲೇ, ಮಾರ್ಚ್ ಏಪ್ರಿಲ್‌ನಲ್ಲಿ, ಮನೆಯೊಳಗೆ ದೀಪದ ಕೆಳಗೆ ಸಸಿ ಎಬ್ಬಿಸಿಕೊಳ್ಳುತ್ತಾರೆ. ಮೇ ಕೊನೆ, ಜೂನ್ ಮೊದಲಿಗೆ ನಾಟಿ. ಸೆಪ್ಟೆಂಬರ್ ಬಂತೆಂದರೆ ಗಡ್ಡೆ ಕಿತ್ತು ನೆಲಮಾಳಿಗೆಗೆ ಸೇರಿಸುವ ಧಾವಂತ.

ಇನ್ನೊಂದು ಕಷ್ಟ ನೆಲದ್ದು. ಫೇರ್‌ಬ್ಯಾಂಕ್ಸ್ ಸುತ್ತ ಎಷ್ಟೋ ಕಡೆ ಮೇಲಿನ ಪದರದ ಕೆಳಗೆ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಮೇಲಿನ ಪಾಚಿ ಹೊದಿಕೆ ಕಿತ್ತರೆ ಒಳಗಿನ ಐಸ್ ಕರಗಿ ಹೊಲವೇ ಅಲ್ಲಲ್ಲಿ ಕುಸಿಯುತ್ತದೆ. ಅದಕ್ಕೇ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಹುಡುಕುತ್ತಾರೆ, ಅಲ್ಲಿ ಬಿಸಿಲು ನೇರ ಬೀಳುತ್ತದೆ. ಪಾತಿಯನ್ನು ನೆಲದಿಂದ ಎತ್ತರಿಸಿ ಕಟ್ಟುತ್ತಾರೆ. ನಮ್ಮಲ್ಲಿ ಕಳೆ ಮತ್ತು ತೇವಕ್ಕಾಗಿ ಮಲ್ಚಿಂಗ್ ಶೀಟ್ ಹಾಕಿದರೆ, ಅಲ್ಲಿ ಬಿಸಿಲು ಒಳಗೆ ಇಳಿದು ಮಣ್ಣು ಕಾಯಲಿ ಅಂತ ಪಾರದರ್ಶಕ ಶೀಟ್ ಹಾಸುತ್ತಾರೆ. ಟೊಮೆಟೊ, ಮೆಣಸಿನಕಾಯಿ ಬೇಕೆಂದರೆ ಹಸಿರುಮನೆಯೇ ಗತಿ. ನಮ್ಮಲ್ಲಿ ಹಂದಿ, ಆನೆ ಇದ್ದಂತೆ ಅಲ್ಲಿ ಮೂಸ್ ಅನ್ನುವ ದೈತ್ಯ ಜಿಂಕೆ ಇದೆ. ಒಂದು ರಾತ್ರಿ ಬೇಲಿ ದಾಟಿತೆಂದರೆ ಕೋಸಿನ ಸಾಲೇ ಖಾಲಿ.

ಚೀಟಿ ಎತ್ತಿ ಹಂಚಿದ ಜಮೀನು

ಈಗ ಮಟನುಸ್ಕ ಕಣಿವೆಗೆ ಬರೋಣ. ಇದು ಡೆನೈನಾ ಅನ್ನುವ ಮೂಲನಿವಾಸಿಗಳ ಸೀಮೆ. ಅವರದು ಬೇಸಾಯದ ಬದುಕಲ್ಲ, ಹೊಳೆಯ ಸಾಲ್ಮನ್ ಮೀನು, ಬೇಟೆ, ಕಾಡುಹಣ್ಣಿನ ಬದುಕು. ಹಿಮನದಿಗಳು ಅರೆದ ನುಣುಪು ಮಣ್ಣು ಗಾಳಿಗೆ ಬಂದು ಈ ಕಣಿವೆಯಲ್ಲಿ ಕೂತಿದೆ. ಪ್ರಯೋಗ ತೋಟ ಇಲ್ಲಿ ಬೆಳೆ ಬರುತ್ತದೆ ಅಂತ ತೋರಿಸಿತ್ತು.

1930ರ ದಶಕದಲ್ಲಿ ಅಮೆರಿಕದಲ್ಲಿ ಭಾರೀ ಆರ್ಥಿಕ ಕುಸಿತ. ರೈತರು ಪರಿಹಾರದ ಹಣದಲ್ಲಿ ದಿನ ದೂಡುತ್ತಿದ್ದರು. ಅಧ್ಯಕ್ಷ ರೂಸ್ವೆಲ್ಟ್ ಅವರ ಸರ್ಕಾರ ಒಂದು ಯೋಜನೆ ಹಾಕಿತು. ಮಿನ್ನೆಸೋಟ, ವಿಸ್ಕಾನ್ಸಿನ್, ಮಿಚಿಗನ್ ರಾಜ್ಯಗಳಿಂದ ಇನ್ನೂರು ಚಿಲ್ಲರೆ ಕುಟುಂಬಗಳನ್ನು ಆರಿಸಿತು. ಅವರು ಚಳಿ ಕಂಡವರು, ಚಳಿಯ ಸೀಮೆಯಲ್ಲಿ ಬಾಳುತ್ತಾರೆ ಅನ್ನುವುದು ಅಧಿಕಾರಿಗಳ ಅಂದಾಜು. 1935ರ ಮೇ ತಿಂಗಳಲ್ಲಿ ಅವರು ಹಡಗು, ರೈಲು ಹತ್ತಿ ಕಣಿವೆಯ ಪಾಮರ್ ಅನ್ನುವ ಜಾಗಕ್ಕೆ ಬಂದಿಳಿದರು.

ಇಳಿದಾಗ ಇದ್ದದ್ದು ಮನೆಯಲ್ಲ, ಸಾಲು ಡೇರೆಗಳು. ಮೇ 23ರಂದು ಚೀಟಿ ಎತ್ತಿ ಒಂದೊಂದು ಕುಟುಂಬಕ್ಕೆ 40 ಎಕರೆ ಹಂಚಿದರು. ನಲವತ್ತು ಎಕರೆ ಅಂದರೆ ನಮ್ಮ ಕಿವಿಗೆ ಜಮೀನ್ದಾರಿಕೆ. ಆದರೆ ಅದು ಬಹುಪಾಲು ಕಾಡು. ಮರ ಕಡಿದು, ಬುಡ ಕಿತ್ತು, ಉಳುವಷ್ಟು ನೆಲ ಬಿಡಿಸುವುದಕ್ಕೇ ವರ್ಷಗಳು ಬೇಕು. ಆ ಬೇಸಿಗೆ ಮಳೆ, ಕೆಸರು, ಸೊಳ್ಳೆ. ಮಕ್ಕಳಿಗೆ ದಡಾರ ಹರಡಿತು. ಸಾಮಾನು ತಡವಾಗಿ ಬಂತು, ಮನೆ ಏಳುವುದು ತಡವಾಯಿತು. ಕೆಲವರು ಮೊದಲ ಚಳಿಗಾಲಕ್ಕೂ ಮುಂಚೆಯೇ ವಾಪಸ್ ಹೊರಟರು.

ಉಳಿದವರ ತಲೆ ಮೇಲೆ ಸಾಲ. ಮನೆ, ಜಮೀನು, ದನ, ಸಲಕರಣೆ ಎಲ್ಲ ಸೇರಿ ಕುಟುಂಬಕ್ಕೆ ಸುಮಾರು 3,000 ಡಾಲರ್, ನೂರಕ್ಕೆ 3ರ ಬಡ್ಡಿ, 30 ವರ್ಷದ ಕಂತು. ಕೋಸು ಬಂತು, ಆಲೂಗಡ್ಡೆ ಬಂತು, ಬಟಾಣಿ ಬಂತು. ಆದರೆ ಎಲ್ಲರಿಗೂ ಒಂದೇ ತಿಂಗಳಲ್ಲಿ ಬಂತು. ಕೊಳ್ಳುವ ಊರುಗಳು ಕಡಿಮೆ, ಚಿಕ್ಕವು. ಹೊರಗೆ ಕಳಿಸೋಣ ಅಂದರೆ ರೈಲಿನ ಬಾಡಿಗೆ, ಹಡಗಿನ ಬಾಡಿಗೆ. ದಕ್ಷಿಣದಿಂದ ಹಡಗಿನಲ್ಲಿ ಬರುವ ತರಕಾರಿಯ ಜೊತೆ ಪೈಪೋಟಿ. ಜನ ಸೇರಿ ಸಹಕಾರ ಸಂಘ ಕಟ್ಟಿದರು, ಹಾಲು ಮಾರಿದರು. ಆದರೂ 1940ರ ಹೊತ್ತಿಗೆ ಮೊದಲು ಬಂದ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಟುಹೋಗಿದ್ದವು.

ಆಮೇಲೆ ಯುದ್ಧ ಬಂತು. ಹತ್ತಿರದ ಆಂಕರೇಜ್ ಊರಿನಲ್ಲಿ ದೊಡ್ಡ ಸೈನಿಕ ನೆಲೆ ಆಯಿತು. ತರಕಾರಿಗೂ ಹಾಲಿಗೂ ಕೊನೆಗೂ ಗಿರಾಕಿ ಸಿಕ್ಕಿತು. ಆದರೆ ಅದೇ ಸೈನಿಕ ನೆಲೆ ಕಟ್ಟುವ ಕೆಲಸದಲ್ಲಿ ಒಳ್ಳೆಯ ಕೂಲಿ ಇತ್ತು. ಹೊಲ ಬಿಟ್ಟು ಕೂಲಿಗೆ ಹೋದವರೂ ಬಹಳ. 1965ರ ಹೊತ್ತಿಗೆ ಮೊದಲ ಕುಟುಂಬಗಳಲ್ಲಿ ಇಪ್ಪತ್ತರಷ್ಟು ಮಾತ್ರ ಅಲ್ಲಿ ಬೇಸಾಯದಲ್ಲಿದ್ದವು. ಆಂಕರೇಜ್ ಬೆಳೆದಂತೆ ಕಣಿವೆಯ ಹೊಲಗಳು ಒಂದೊಂದಾಗಿ ಸೈಟುಗಳಾದವು. ಅದು ಹೇಗಿರುತ್ತದೆ ಅಂತ ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ತಕ್ಕಡಿಗೆ ಏರಿದ ಕೋಸು

ಉಳಿದವರು ಒಂದು ಹಬ್ಬ ಉಳಿಸಿಕೊಂಡರು. 1936ರಲ್ಲಿ ಪಾಮರ್‌ನಲ್ಲಿ ಮೊದಲ ಜಾತ್ರೆ ನಡೆಯಿತು. ಅದೇ ಮುಂದೆ ಅಲಾಸ್ಕ ರಾಜ್ಯದ ಜಾತ್ರೆಯಾಯಿತು. 1941ರಲ್ಲಿ ಅಲಾಸ್ಕ ರೈಲ್ವೆಯ ಮುಖ್ಯಸ್ಥರು, ಯಾರು ಅತಿ ದೊಡ್ಡ ಕೋಸು ತರುತ್ತಾರೋ ಅವರಿಗೆ 25 ಡಾಲರ್ ಬಹುಮಾನ ಅಂದರು. ಕಣಿವೆಯಲ್ಲಿ ಬೆಳೆ ಬರುತ್ತದೆ ಅಂತ ಜಗತ್ತಿಗೆ ತೋರಿಸುವುದು ರೈಲ್ವೆಗೂ ಬೇಕಿತ್ತು. ಜನ ಬಂದರೆ, ಸರಕು ಬಂದರೆ ತಾನೆ ರೈಲು ಓಡುವುದು? ಗೆದ್ದ ಕೋಸು 23 ಪೌಂಡ್, ಅಂದರೆ ಹತ್ತು ಕಿಲೋ ಚಿಲ್ಲರೆ.

ಅಲ್ಲಿಂದ ಪೈಪೋಟಿ ನಿಂತಿಲ್ಲ. 2012ರಲ್ಲಿ ಅದೇ ಜಾತ್ರೆಯಲ್ಲಿ ತೂಗಿದ ಒಂದು ಕೋಸು 138 ಪೌಂಡ್ ದಾಟಿ, 62 ಕಿಲೋ 710 ಗ್ರಾಂ ಇತ್ತು. ಗಿನ್ನೆಸ್ ದಾಖಲೆಗೆ ಸೇರಿತು. ಒಬ್ಬ ಆಳಿನ ತೂಕ ಅಂತ ನಾವು ಮೊದಲು ಹೇಳಿದ್ದು ಇದನ್ನೇ.

ನೋಡಲು ಇದು ಜಾತ್ರೆಯ ಮೋಜು. ಆದರೆ 62 ಕಿಲೋ ಕೋಸನ್ನು ಯಾರೂ ಸಂತೆಯಲ್ಲಿ ಕೊಳ್ಳುವುದಿಲ್ಲ. ನೆಲಕ್ಕೆ ಶಕ್ತಿ ಇದೆ ಅಂತ ತೋರಿಸಬಹುದು, ಮನೆ ನಡೆಸಲು ಆಗುವುದಿಲ್ಲ.

ತಡವಾಗಿ ಅರಳುವ ಹೂ

ಹೂವಿನ ಕಥೆ ಬೇರೆ ದಾರಿ ಹಿಡಿಯಿತು. ಅಲಾಸ್ಕದ ಊರುಗಳಲ್ಲಿ ಬೇಸಿಗೆ ಬಂತೆಂದರೆ ಪ್ಯಾನ್ಸಿ, ಡೇಲಿಯ, ಬಿಗೋನಿಯ, ಡೆಲ್ಫಿನಿಯಂ ಹೂಗಳು ಮನೆಮುಂದೆ ತುಂಬಿಕೊಳ್ಳುತ್ತವೆ. ಏಳೆಂಟು ತಿಂಗಳ ಬಿಳಿ ಹಿಮ ನೋಡಿ ದಣಿದ ಕಣ್ಣಿಗೆ ಬಣ್ಣ ಬೇಕು. ತಂಪಿಗೆ ಹೂ ಬೇಗ ಬಾಡುವುದಿಲ್ಲ. ಡೇಲಿಯದ ಗಡ್ಡೆಯನ್ನು ಚಳಿಗಾಲಕ್ಕೆ ಮೊದಲು ಕಿತ್ತು ಒಳಗಿಡುತ್ತಾರೆ.

ಇದೆಲ್ಲ ಮನೆಯ ಸಂತೋಷಕ್ಕೆ. ಮಾರಾಟದ ಹೂ ಆದದ್ದು ಪಿಯೋನಿ. ಮುಷ್ಟಿಗಿಂತ ದೊಡ್ಡದಾಗಿ ಅರಳುವ ಈ ಹೂವಿಗೆ ಪಶ್ಚಿಮದ ದೇಶಗಳ ಮದುವೆಗಳಲ್ಲಿ ಬಹಳ ಬೇಡಿಕೆ. ಉತ್ತರ ಗೋಳದ ಬೇರೆ ಕಡೆ ಜೂನ್ ಹೊತ್ತಿಗೆ ಇದರ ಕಾಲ ಮುಗಿದುಹೋಗುತ್ತದೆ. 2000ರ ದಶಕದ ಮೊದಲ ವರ್ಷಗಳಲ್ಲಿ, ಜಾರ್ಜ್‌ಸನ್ ಹೆಸರಿನ ಅದೇ ಉದ್ಯಾನದಲ್ಲಿ, ವಿಶ್ವವಿದ್ಯಾಲಯದವರು ಪಿಯೋನಿ ನೆಟ್ಟು ನೋಡಿದರು. ಅಲ್ಲಿ ಅದು ಜುಲೈ, ಆಗಸ್ಟ್‌ನಲ್ಲಿ ಅರಳಿತು. ಬೇರೆಲ್ಲೂ ಇಲ್ಲದ ತಿಂಗಳಲ್ಲಿ ಅಲಾಸ್ಕದಲ್ಲಿ ಹೂ! ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾಯಬೇಕು, ಆದರೂ ಸಣ್ಣ ಸಣ್ಣ ತೋಟಗಳು ಎದ್ದವು. ಹೂ ವಿಮಾನ ಹತ್ತಿತು.

ನೆಲ ಅದೇ, ಚಳಿ ಅದೇ, ಬಾಡಿಗೆಯೂ ಕಡಿಮೆಯಾಗಿಲ್ಲ. ಆದರೆ 1935ರಲ್ಲಿ ಬಂದ ರೈತ ಎಲ್ಲರ ಬಳಿ ಇರುವುದನ್ನು ಬೆಳೆದು ದೂರದ ಸಂತೆಗೆ ಪೈಪೋಟಿ ಕೊಡಬೇಕಿತ್ತು. ಪಿಯೋನಿಯವರು ತಮ್ಮ ಸೀಮೆಯ ತಡವನ್ನೇ ಮಾರಿದರು. ಕೊರತೆ ಅನ್ನಿಸಿಕೊಂಡದ್ದಕ್ಕೇ ಬೆಲೆ ಬಂತು.

ಅಲಾಸ್ಕದಲ್ಲಿ ಬೆಳೆಯುತ್ತದೋ ಇಲ್ಲವೋ ಅನ್ನುವ ಪ್ರಶ್ನೆಗೆ ಟ್ಲಿಂಗಿಟ್ ಅಜ್ಜಿಯರು ಗಡ್ಡೆ ನೆಟ್ಟು ಯಾವತ್ತೋ ಉತ್ತರ ಕೊಟ್ಟಿದ್ದರು. ಜಾರ್ಜ್‌ಸನ್ ಬೀಜ ಹಂಚಿ ಅದನ್ನು ದಾಖಲೆ ಮಾಡಿದರು. ಚೀಟಿ ಎತ್ತಿ ಜಮೀನು ಹಂಚಿದವರು ಬೆಳೆ ಬರುತ್ತದೆ ಅನ್ನುವಷ್ಟಕ್ಕೆ ನಿಂತರು. ಬಂದ ಬೆಳೆ ಯಾವ ತಿಂಗಳಲ್ಲಿ, ಯಾರ ಮನೆಗೆ, ಯಾವ ಬಾಡಿಗೆಗೆ ಹೋಗುತ್ತದೆ ಅನ್ನುವ ಪ್ರಶ್ನೆ ರೈತನ ತಲೆಗೇ ಉಳಿಯಿತು. ಅದಕ್ಕೇ ಆ ಕಣಿವೆಯಲ್ಲಿ ಕೋಸು ಗೆದ್ದಿತು, ಕುಟುಂಬಗಳು ಹೊರಟವು.

ನಮ್ಮ ಊರಿಗೆ ಹೊಸ ಬೆಳೆ, ಹೊಸ ತಳಿ ಅಂತ ಯಾರಾದರೂ ಬಂದಾಗ ನಾವು ಮೊದಲು ಕೇಳುವುದು ಎಕರೆಗೆ ಎಷ್ಟು ಬರುತ್ತದೆ ಅಂತ. ಅದನ್ನು ಕೇಳಲೇಬೇಕು. ಅದರ ಜೊತೆಗೆ ಇನ್ನೆರಡು ಕೇಳಿ. ಈ ಬೀಜ ನಮ್ಮ ಹಗಲಿಗೆ, ನಮ್ಮ ಮಣ್ಣಿಗೆ ಎಬ್ಬಿಸಿದ್ದಾ? ಬೆಳೆ ಬಂದ ವಾರ ಕೊಳ್ಳುವವರು ಯಾರು?

ಮುಂದಿನ ಸಲ ರಾತ್ರಿ ಸೇವಂತಿಗೆ ತೋಟದ ಬಲ್ಬು ಕಂಡರೆ ಒಂದು ನಿಮಿಷ ನಿಂತು ನೋಡಿ. ಆ ರೈತ ಬರೀ ಗಿಡವನ್ನು ನಂಬಿಸುತ್ತಿಲ್ಲ. ಹೂವನ್ನು ಹಬ್ಬದ ದಿನಕ್ಕೆ ಸರಿಯಾಗಿ ತಂದು ನಿಲ್ಲಿಸುವ ಲೆಕ್ಕ ಹಾಕುತ್ತಿದ್ದಾನೆ. ಮಟನುಸ್ಕದ ಡೇರೆಗಳಲ್ಲಿ ಯಾರೂ ಹಾಕಿಕೊಡದ ಲೆಕ್ಕ ಅದು.